ನನ್ನ ಜೊತೆ ಬಂದವರ ಎದೆಬಡಿತ

ಎರಡು ವರ್ಷದ ಹಿಂದೆ ನಾನು ದೆಹಲಿಯಲ್ಲಿ ಪಿಎಚ್.ಡಿ. ಮಾಡುತ್ತಾ ಮುನಿರ್ಕಾದ ಒಂದು ಬಾಡಿಗೆ ಕೋಣೆಯಲ್ಲಿದ್ದೆ. ಚಳಿಗಾಲ ಆಗತಾನೇ ಶುರುವಾಗಿತ್ತು. ಅದೇ ವರ್ಷ ದಾವಣಗೆರೆಯಲ್ಲಿ ಅಪ್ಪ ಹೃದಯಾಘಾತದಿಂದ ತೀರಿಕೊಂಡಿದ್ದರು.

ಒಂದು ಮಧ್ಯಾಹ್ನ ಅಕ್ಕಿ ತೊಳೆಯುತ್ತಿದ್ದಾಗ ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಬೆರಳುಗಳು ಜುಮುಗುಟ್ಟಿದವು, ಉಸಿರು ಕಟ್ಟಿದಂತಾಯಿತು. ಅಪ್ಪನಿಗೆ ಆದದ್ದೇ ನನಗೂ ಆಗುತ್ತಿದೆ ಅನ್ನಿಸಿದ್ದೇ ತಡ, ಬಡಿತ ಇನ್ನೂ ಜೋರಾಯಿತು. ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಕೆಳಗಿನ ಮನೆಯ ಬಾಗಿಲು ಬಡಿದೆ.

ಅದು ಮನೆಯ ಮಾಲಕಿ ಅಮ್ಮಾಜಿಯ ಮನೆ. ಅರವತ್ತು ದಾಟಿದ ಅವರ ಮಾತು ಬಹಳ ಒರಟು. ಗೀಸರ್ ಹೆಚ್ಚು ಹೊತ್ತು ಹಾಕಿದ್ದಕ್ಕೆ ಹಿಂದಿನ ದಿನವಷ್ಟೇ ಬೈದಿದ್ದರು. ನನ್ನ ಮುಖ ನೋಡಿ ಶಾಲು ಹೊದ್ದುಕೊಂಡು ಹಾಗೇ ಹೊರಟರು. ಆಟೋಗೆ ಅಡ್ಡ ನಿಂತು, "ಭಯ್ಯಾ, ಆಸ್ಪತ್ರೆಗೆ, ಜಲ್ದಿ!" ಎಂದು ಕೂಗಿದರು.

"ಅಮ್ಮಾಜಿ, ನಾನು ಸಾಯ್ತೀನಾ?" ಎಂದು ಕೇಳಿದೆ.

"ಚುಪ್! ನನ್ನ ಜೊತೆ ಉಸಿರು ಬಿಡು. ನಿಧಾನಕ್ಕೆ." ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ.

ಇಸಿಜಿ, ರಕ್ತಪರೀಕ್ಷೆ ಎಲ್ಲ ಆದ ಮೇಲೆ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಪಕ್ಕದಲ್ಲಿ ಕುಳಿತು ಹೇಳಿದರು: "ನಿಮ್ಮ ಹಾರ್ಟ್ ಚೆನ್ನಾಗಿದೆ. ಇದು ಪ್ಯಾನಿಕ್ ಅಟ್ಯಾಕ್. ಅಪಾಯ ಬಂತು ಅಂತ ಮಿದುಳು ತಪ್ಪು ತಿಳೀತು. ಅಡ್ರಿನಲಿನ್ ಅನ್ನೋ ಹಾರ್ಮೋನ್ ಹರಿದು ಹೃದಯ ಓಡೋಕೆ ಶುರುಮಾಡ್ತು. ಆ ಬಡಿತ ಗೊತ್ತಾಗಿ ಮಿದುಳಿಗೆ ಭಯ ಇನ್ನೂ ಹೆಚ್ಚಾಯ್ತು."

ನನಗೆ ನಾಚಿಕೆಯಾಯಿತು. "ಹಾಗಾದ್ರೆ ನನಗೇನೂ ಆಗಿರ್ಲಿಲ್ವಾ?"

"ಆಗಿತ್ತು. ಆ ಬಡಿತವೂ ನಿಜ, ಸಂಕಟವೂ ನಿಜ. ಇದಕ್ಕೆ ಚಿಕಿತ್ಸೆ ಇದೆ."

ನಾನು ಎದ್ದು ನಿಂತೆ. ಅಮ್ಮಾಜಿ ಕದಲಲಿಲ್ಲ. ಶಾಲಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಮೆಲ್ಲಗೆ ಕೇಳಿದರು: "ಡಾಕ್ಟರ್ ಬೇಟಿ, ನಮ್ಮ ಯಜಮಾನರು ಹೋದ ಮೇಲೆ ನನಗೂ ಹೀಗೇ ಆಗ್ತಿದೆ. ಮನೇಲಿ ಗ್ಯಾಸ್ ಅಂತಾರೆ. ಇದೂ ಅದೇನಾ?"

"ನೋಡದೆ ಹೇಳೋಕಾಗಲ್ಲ. ಬನ್ನಿ ಅಮ್ಮಾಜಿ, ಮಲಗಿ."

ಈ ಸಲ ನಾನು ಅವರ ಕೈ ಹಿಡಿದುಕೊಂಡೆ. ಅವರಿಗೂ ಇಸಿಜಿ ಮಾಡಿದರು. ಅವರ ಹೃದಯದಲ್ಲೂ ದೋಷವಿರಲಿಲ್ಲ. ಇಬ್ಬರನ್ನೂ ಒಬ್ಬರೇ ಮನೋವೈದ್ಯರ ಬಳಿಗೆ ಕಳಿಸಿದರು. ಹೋಗುವಾಗಲೆಲ್ಲ ಜೊತೆಯಾಗಿಯೇ ಹೋದೆವು.

ಅಷ್ಟು ಭಯವನ್ನು ಒಳಗಿಟ್ಟುಕೊಂಡವರು ಅಂದು ನನಗೆ ಧೈರ್ಯ ಹೇಳಿದ್ದರು. ನಾನು ಈಗಲೂ ಅದೇ ಕೋಣೆಯಲ್ಲಿದ್ದೇನೆ. ಆ ಕಾಟ ಬಹಳ ಕಡಿಮೆಯಾಗಿದೆ. ಅದು ಬಂದ ದಿನ ಕೆಳಗಿಳಿದು ಅವರ ಪಕ್ಕ ಕೂರುತ್ತೇನೆ. ಕೆಲವೊಮ್ಮೆ ಅವರೇ ಮೆಟ್ಟಿಲು ಹತ್ತಿ ಬರುತ್ತಾರೆ. ಯಾಕೆ ಬಂದಿರಿ ಎಂದು ಕೇಳುವುದಿಲ್ಲ. ಸರಿದು ಕುಳಿತು ಮಂಚದ ಮೇಲೆ ಜಾಗ ಮಾಡಿಕೊಡುತ್ತೇನೆ.