ಅವ್ವನ ಮೊಣಕಾಲು

ನಮ್ಮವ್ವ ಒಲೆಯ ಮುಂದೆ ಕೂತರೆ ಏಳಲು ಯಾರಾದರೂ ಕೈ ಕೊಡಬೇಕಿತ್ತು. ಹೊಸದುರ್ಗದ ಕಡೆಯ ಮತ್ತೋಡಿನ ನಮ್ಮ ಮನೆಯಲ್ಲಿ ಆಗ ಅಡುಗೆಯೆಲ್ಲ ನೆಲದ ಮೇಲೇ. ಬೋರ್‌ವೆಲ್ ನೀರಿನ ಫ್ಲೋರೈಡೋ ವಯಸ್ಸೋ, ಅವಳ ಎರಡೂ ಮೊಣಕಾಲು ಹೊರಕ್ಕೆ ಬಾಗಿದ್ದವು. ತೊಂಬತ್ತರ ದಶಕದ ಕೊನೆ. ನಾನು ಚಿತ್ರದುರ್ಗದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ವಿಭಾಗದ ಉಪನ್ಯಾಸಕಿ. ಸಂಶೋಧನೆಗೆ ವಿಷಯ ಹುಡುಕುತ್ತ ಊರೆಲ್ಲ ತಿರುಗಿದವಳಿಗೆ ಅದು ನಮ್ಮ ಅಡುಗೆಮನೆಯಲ್ಲೇ ಸಿಕ್ಕಿತು.

ಆಸ್ಪತ್ರೆಯಲ್ಲಿ ಕೊಡುತ್ತಿದ್ದ ಕ್ಯಾಲಿಪರ್, ಅಂದರೆ ಮೊಣಕಾಲು ಮಡಚಲು ಬಿಡದ ಕಬ್ಬಿಣದ ಆಸರೆ, ಕಟ್ಟಿಕೊಂಡರೆ ನಿಲ್ಲಬಹುದಿತ್ತು, ನಡೆಯಬಹುದಿತ್ತು. ನೆಲದ ಮೇಲೆ ಕೂರಲು ಆಗುತ್ತಿರಲಿಲ್ಲ. ಕೂರಲು ಬಿಡುವ, ಏಳುವಾಗ ಸ್ಪ್ರಿಂಗಿನಿಂದ ಮೇಲಕ್ಕೆ ತಳ್ಳುವ ಒಂದು ಕೀಲು ಮಾಡಬೇಕೆಂದು ಹೊರಟೆ. ನನ್ನ ಜೊತೆ ರೂಮಿನಲ್ಲಿದ್ದ ಗೆಳತಿ ಹೊಳಲ್ಕೆರೆಯವಳು, ಕಾಮರ್ಸ್ ಉಪನ್ಯಾಸಕಿ. ದುಡಿಯುವ ಹೆಂಗಸಿನ ಕಾಲು ಹೋದರೆ ಮನೆಗೆ ಆಗುವ ನಷ್ಟ ಯಾವ ಲೆಕ್ಕಶಾಸ್ತ್ರದಲ್ಲೂ ಬರುವುದಿಲ್ಲ, ಅದನ್ನೇ ನಾನು ಅಧ್ಯಯನ ಮಾಡುತ್ತೇನೆ ಅಂದಳು. ಹಿರಿಯೂರಿನ ಕಡೆಯ ಒಬ್ಬ ಯುವ ಮೂಳೆ ಡಾಕ್ಟರನ್ನು ಪರಿಚಯ ಮಾಡಿಸಿದವಳೂ ಅವಳೇ. ಅವರು ನನ್ನ ನಕ್ಷೆ ನೋಡಿದವರೇ, "ಮೇಡಂ, ಇದು ಆಗ್ತೈತೆ. ಮೂರೂ ಜನ ಸೇರಿ ಮಾಡಾಣ" ಅಂದರು. ಅವತ್ತು ಖುಷಿಗೆ ನನಗೆ ಊಟ ಸೇರಲಿಲ್ಲ.

ಕೀಲನ್ನು ಕಾಲೇಜಿನ ವರ್ಕ್‌ಶಾಪಿನಲ್ಲಿ ನಾನೇ ಲೇತ್ ಯಂತ್ರದಲ್ಲಿ ಕಡೆದೆ. ಮೊದಲನೆಯದು ಅವ್ವ ಕೂರುತ್ತಿದ್ದಂತೆ ಬಾಗಿಹೋಯಿತು. ಎರಡನೆಯದರ ಸ್ಪ್ರಿಂಗ್ ಜೋರಾಗಿ, ಅವಳು ಮುಗ್ಗರಿಸುವುದರಲ್ಲಿದ್ದಳು. ಡಾಕ್ಟರು ಬಸ್ಸಿನಲ್ಲಿ ನಮ್ಮ ಜೊತೆ ಊರಿಗೆ ಬರುತ್ತಿದ್ದರು, ಅವ್ವನ ಕಾಲು ಹಿಡಿದು ಎಷ್ಟು ಮಡಚುತ್ತದೆ ನೋಡುತ್ತಿದ್ದರು, ಅಲ್ಲೇ ಕೂತು ಮುದ್ದೆ ಉಣ್ಣುತ್ತಿದ್ದರು. ಅವರೂ ಅವಳನ್ನು ಅವ್ವ ಅಂತಲೇ ಕರೆದರು.

ಪ್ರಬಂಧಕ್ಕೆ ಫೋಟೋ ಬೇಕು ಅಂತ ಡಾಕ್ಟರು ಅಂದಾಗ ಮಾತ್ರ ಅವ್ವ ಒಪ್ಪಲಿಲ್ಲ. ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಹಿಡಿಯಬೇಕಿತ್ತು. ನಾನು ಹೇಳಿದರೂ ಕೇಳಲಿಲ್ಲ. ಡಾಕ್ಟರು ಪಕ್ಕದಲ್ಲಿ ಕೂತು, "ಅವ್ವಾ, ಮಕ ತೋರ್ಸಲ್ಲ. ಕಾಲು ಅಷ್ಟೇ. ನನ್ ಮೇಲೆ ನಂಬಿಕೆ ಇಲ್ವಾ?" ಅಂದರು.

"ನೀನು ಮಗ ಇದ್ದಂಗೆ ಕಣಪ್ಪ, ಅದಕ್ಕೇ ಒಪ್ತಾ ಇದೀನಿ," ಅಂತ ಅವ್ವ ಗೋಡೆ ಕಡೆ ಮುಖ ಮಾಡಿ ನಿಂತಳು. ಆಮೇಲೆ ನಾಚಿಕೆ ಮರೆಯಲು ನಗುತ್ತ ತಿರುಗಿ, "ಎತ್ತಿಗೆ ಮೂಗುದಾರ ಹಾಕ್ದಂಗೆ ನನ್ ಕಾಲಿಗೂ ಹಾಕಿದ್ರಿ ಬಿಡ್ರಿ" ಅಂದಳು. ಕ್ಯಾಮೆರಾ ಇನ್ನೂ ಡಾಕ್ಟರ ಕೈಯಲ್ಲಿತ್ತು. ನಾವೆಲ್ಲ ನಕ್ಕೆವು.

ಮೂರನೆಯ ಕೀಲು ನಿಂತಿತು. ಅವ್ವ ಯಾರ ಕೈಯನ್ನೂ ಹಿಡಿಯದೆ ಒಲೆಯ ಮುಂದಿನಿಂದ ಎದ್ದಳು. ಡಾಕ್ಟರು ತೋರಿಸಿದ ಆದಿವಾಲದ ಇಬ್ಬರು ಹೆಂಗಸರಿಗೂ ಮಾಡಿಕೊಟ್ಟೆ. ಆ ಯುಗಾದಿಗೆ ಗೆಳತಿಯೂ ನಮ್ಮೂರಿಗೆ ಬಂದಳು. ಅವ್ವ ಒಲೆ ಮುಂದೆ ಕೂತು ಹೋಳಿಗೆ ಬೇಯಿಸಿ ಬಡಿಸಿದಳು.

ಬೇಸಿಗೆ ಕಳೆದ ಮೇಲೆ ಚಿತ್ರದುರ್ಗದಲ್ಲೇ ಒಂದು ವಿಚಾರ ಸಂಕಿರಣ. ಪ್ರಬಂಧ ಕಳಿಸುವ ಕೆಲಸವನ್ನು ಡಾಕ್ಟರು ವಹಿಸಿಕೊಂಡಿದ್ದರು. ಕೀಲಿನ ಬಗ್ಗೆ ನಾನು ಮಾತಾಡಬೇಕೆಂದು ಮಾತಾಗಿತ್ತು. ಇಸ್ತ್ರಿ ಮಾಡಿದ ಸೀರೆ ಉಟ್ಟು, ನಕ್ಷೆಗಳನ್ನು ಚೀಲದಲ್ಲಿಟ್ಟುಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದೆ. ನಿರೂಪಕಿ ಎರಡು ಹೆಸರು ಕರೆದಳು. ಡಾಕ್ಟರದು, ಗೆಳತಿಯದು. ನನ್ನದನ್ನು ಓದುವುದು ಮರೆತಿರಬೇಕು ಅಂದುಕೊಂಡು ಅರ್ಧ ಎದ್ದೂ ಬಿಟ್ಟಿದ್ದೆ.

ಡಾಕ್ಟರು ಮಾತು ಶುರು ಮಾಡಿದರು. ನಾನು ಯೋಚಿಸಿದೆ, ನಾನು ರೂಪಿಸಿದೆ, ನಾನು ಪರೀಕ್ಷಿಸಿದೆ. ಪರದೆಯ ಮೇಲೆ ನನ್ನ ನಕ್ಷೆಗಳು ಒಂದಾದಮೇಲೊಂದು ಬಂದವು. ಕೊನೆಗೆ ಅವ್ವ ಬಂದಳು. ಸೀರೆ ಎತ್ತಿ ಹಿಡಿದು, ಕ್ಯಾಮೆರಾ ಕಡೆ ತಿರುಗಿ ನಗುತ್ತಿದ್ದಾಳೆ. ಮುಖ ಪೂರ್ತಿ ಕಾಣುತ್ತಿದೆ.

"ನನ್ನ ಹತ್ರ ಬಂದ ಒಬ್ಬ ಅನಕ್ಷರಸ್ಥ ರೋಗಿ," ಅಂದರು ಡಾಕ್ಟರು. "ಇದನ್ನ ಏನಂದ್ರು ಗೊತ್ತೇನ್ರಿ? ಎತ್ತಿನ ಮೂಗುದಾರ!" ಸಭಾಂಗಣ ಗೊಳ್ಳೆಂದು ನಕ್ಕಿತು. ವೇದಿಕೆಯ ಮೇಲೆ ಗೆಳತಿ ತಲೆ ತಗ್ಗಿಸಿ ಕೂತಿದ್ದಳು.

ಪ್ರಶ್ನೆಗಳಿವೆಯೇ ಅಂದಾಗ ಎದ್ದು ನಿಂತೆ. "ಆ ಕೀಲು ಮಾಡಿದ್ದು ಯಾರು ಸರ್?"

ಅವರು ನನ್ನ ಮುಖವನ್ನೇ ನೋಡುತ್ತ, "ಇಲ್ಲೇ ಒಂದು ವರ್ಕ್‌ಶಾಪಲ್ಲಿ ಮಾಡಿಸ್ಕೊಂಡ್ವಿ" ಅಂದರು.

"ಆ ವರ್ಕ್‌ಶಾಪ್‌ನೋಳು ನಾನೇ. ಅಲ್ಲಿ ನಿಂತಿರೋದು ನಮ್ಮವ್ವ. ತೆಗೀರಿ ಅದನ್ನ."

ಅಧ್ಯಕ್ಷರು ಸಮಯ ಮೀರಿತು ಅಂದರು. ಯಾರೂ ಕದಲಲಿಲ್ಲ. ನಾನೇ ಹೋಗಿ ಪ್ರೊಜೆಕ್ಟರಿನ ಗಾಜಿನ ಮೇಲಿದ್ದ, ಅವ್ವನ ಚಿತ್ರದ ಪಾರದರ್ಶಕ ಹಾಳೆಯನ್ನು ಎತ್ತಿಕೊಂಡೆ. ಬಿಸಿಯಾಗಿತ್ತು. ಚೀಲಕ್ಕೆ ಹಾಕಿಕೊಂಡು ಹೊರಗೆ ಬಂದೆ.

ಸಂಜೆ ಗೆಳತಿ ರೂಮಿಗೆ ಬಂದಳು. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು, "ಮೆಡಿಕಲ್ ಪತ್ರಿಕೆಯೋರು ಇಂಜಿನಿಯರ್ ಹೆಸ್ರಿದ್ರೆ ತಗಳಲ್ಲ ಅಂತ ಅವ್ರು ಹೇಳಿದ್ರು ಕಣೇ. ಮುಂದಿನ ಸಲ ಹಾಕಾಣ ಅಂದ್ರು," ಅಂದಳು.

"ಕಾಮರ್ಸ್‌ನೋರ ಹೆಸ್ರು ತಗೋತಾರಾ?"

ಅವಳು ಬಗ್ಗಿ ಚಪ್ಪಲಿಯ ಪಟ್ಟಿ ಸರಿ ಮಾಡಿಕೊಂಡಳು.

"ನಿಂಗೆ ಯಾವಾಗಿಂದ ಗೊತ್ತಿತ್ತು?"

"ಯುಗಾದಿಗಿಂತ ಮುಂಚೆ."

ಡಾಕ್ಟರ ಮೇಲೆ ನನಗಿದ್ದದ್ದು ಸಿಟ್ಟು. ಈ ಮಾತಿಗೆ ಸಿಟ್ಟೂ ಬರಲಿಲ್ಲ. ನಮ್ಮವ್ವ ಬಡಿಸಿದ ಹೋಳಿಗೆಗೆ ಇನ್ನಷ್ಟು ತುಪ್ಪ ಹಾಕಿಸಿಕೊಂಡವಳು ಇವಳು. ಮೂರು ವರ್ಷ ಒಂದೇ ರೂಮಿನಲ್ಲಿ ಮಲಗಿದವಳು. ಆ ವಾರವೇ ರೂಮು ಬಿಟ್ಟೆ. ಪ್ರಾಂಶುಪಾಲರು, "ಬಿಡ್ರಿ ಮೇಡಂ, ಅವ್ರು ದೊಡ್ಡ ಜನ. ಬೇರೆ ವಿಷಯ ತಗಳ್ರಿ," ಅಂದರು. ತೆಗೆದುಕೊಂಡೆ. ನೀರೆತ್ತುವ ಪಂಪುಗಳ ಬೇರಿಂಗಿನ ಬಗ್ಗೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದೆ. ಅವರಿಬ್ಬರ ಪ್ರಬಂಧ ಅಚ್ಚಾಯಿತು. ಮುಂದಿನ ಸಲ ಅನ್ನುವುದು ಬರಲಿಲ್ಲ.

ಅವ್ವನಿಗೆ ಹೇಳದೆ ಇರಲು ಆಗಲಿಲ್ಲ. ಹೆಸರಿನ ವಿಷಯ ಅವಳಿಗೆ ಅಷ್ಟು ತಾಗಲಿಲ್ಲ. "ಮಕ ತೋರ್ಸಿದ್ನಾ?" ಅಂತ ಕೇಳಿದಳು. "ಗಂಡಸ್ರಿದ್ರಾ ಅಲ್ಲಿ?" ಹೂಂ ಅಂದೆ. ಅವಳು ಸೆರಗು ಹೊದ್ದುಕೊಂಡು ಹಿತ್ತಲಿಗೆ ಹೋದಳು. ಕರೆದರೂ ತುಂಬ ಹೊತ್ತು ಒಳಗೆ ಬರಲಿಲ್ಲ.

ಕೆಲವು ವರ್ಷಗಳಾದ ಮೇಲೆ, ಕೀಲು ಕಟ್ಟಿಕೊಂಡರೂ, ಅವ್ವನ ಎಡಗಾಲು ಪೂರ್ತಿ ಕೈಕೊಟ್ಟಿತು. ಬೇಡವೆಂದರೂ ಒತ್ತಾಯ ಮಾಡಿ ಹೊಸದುರ್ಗಕ್ಕೆ ಒಬ್ಬ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಒಳ್ಳೆಯ ಹೆಂಗಸು. "ಬರ್ರಿ ಅಮ್ಮ, ಕುಂತ್ಕಳ್ರಿ. ಸ್ವಲ್ಪ ಸೀರೆ ಸರಿಸ್ರಿ, ನೋಡ್ತೀನಿ," ಅಂದರು.

ಅವ್ವ ಸೀರೆಯ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ನನ್ನ ಕಡೆ ತಿರುಗಿ, "ಇವ್ರೂ ಫೋಟ ತಗೀತಾರೇನು?" ಅಂದಳು.

"ಇಲ್ಲಮ್ಮ, ಇಲ್ಲಿ ಕ್ಯಾಮೆರಾನೇ ಇಲ್ಲ," ಅಂದರು ಡಾಕ್ಟರಮ್ಮ. ನಾನೂ ಆಣೆ ಮಾಡಿ ಹೇಳಿದೆ. ಅವ್ವ ಇಬ್ಬರನ್ನೂ ನೋಡಿದಳು. ಕೈ ಬಿಡಲಿಲ್ಲ. ಮಾತ್ರೆಯಷ್ಟೇ ಬರೆಸಿಕೊಂಡು, ಅವಳನ್ನು ಹೆಗಲಿಗೆ ಆನಿಸಿಕೊಂಡು ಬಸ್ ಸ್ಟ್ಯಾಂಡಿಗೆ ಬಂದೆ.