ಮಾರೆಮ್ಮ ತಾನೇ ಮೇಜಿನ ಮೇಲೆ ಮಲಗಿದ ದಿನ

ಮಸ್ಕಿಯ ಮಾರೆಮ್ಮ ಹನ್ನೊಂದು ವರ್ಷದಿಂದ ಸಿಂಧನೂರಿನ ಒಂದು ಖಾಸಗಿ ದವಾಖಾನೆಯ ಎಂಡೋಸ್ಕೋಪಿ ಕೋಣೆಯಲ್ಲಿ ಆಯಾ ಆಗಿದ್ದಳು. ಹೊಟ್ಟೆಯೊಳಗೆ ನೋಡಲು ಬಾಯಿಂದ ಕ್ಯಾಮೆರಾದ ಕೊಳವೆ ಇಳಿಸುವಾಗ ರೋಗಿಯ ತಲೆ ಹಿಡಿಯುವುದು ಅವಳ ಕೆಲಸ. "ನುಂಗವ್ವ, ಹಂಗ ನುಂಗು. ಮೂಗಿಲೆ ಉಸಿರು ತಗೋ, ಮುಗೀತು ಈಗ," ಎನ್ನುತ್ತ ಬೆನ್ನು ಸವರುವಳು. ಜವಳಗೇರಾದ ರೈತರು, ಹಟ್ಟಿ ಗಣಿಯ ಕಾರ್ಮಿಕರು, ಎಷ್ಟು ಜನರ ಜೊಲ್ಲು, ವಾಂತಿ ಅವಳ ಸೀರೆಯ ಮೇಲೆ ಬಿದ್ದಿತ್ತೋ. ಓದು ಬಾರದಿದ್ದರೂ ಪರದೆಯ ಮೇಲೆ ಹುಣ್ಣು ಯಾವುದು, ಗಂಟು ಯಾವುದು ಎಂಬುದು ಅವಳ ಕಣ್ಣಿಗೆ ತಿಳಿಯುತ್ತಿತ್ತು.

ಹೋದ ದೀಪಾವಳಿಯ ಹೊತ್ತಿಗೆ ಅವಳಿಗೇ ರೊಟ್ಟಿ ಎದೆಯಲ್ಲಿ ಸಿಕ್ಕಿಕೊಳ್ಳತೊಡಗಿತು. ಡಾಕ್ಟರಿಗೆ ಹೇಳಿದಳು. "ಗ್ಯಾಸ್ ಅದ, ಗುಳಿಗಿ ತಗೋ," ಎಂದು ಅವರು ಕೈ ತೊಳೆದುಕೊಂಡು ಹೊರಟರು. ಸಂಕ್ರಾಂತಿಗೆ ಮತ್ತೆ ಹೇಳಿದಳು. ಬೇರೆ ಬಣ್ಣದ ಗುಳಿಗೆ ಬಂತು. ರೊಟ್ಟಿ ಬಿಟ್ಟು ಅನ್ನಕ್ಕೆ, ಅನ್ನ ಬಿಟ್ಟು ಗಂಜಿಗೆ ಬಂದಳು.

ಯುಗಾದಿ ಕಳೆದ ಮೇಲೆ ಒಂದು ದಿನ ಲಿಂಗಸುಗೂರಿನಿಂದ ಬರಬೇಕಿದ್ದ ರೋಗಿ ಬರಲಿಲ್ಲ. ಅಂದು ಮಾರೆಮ್ಮನಿಗೆ ನೀರೂ ಇಳಿದಿರಲಿಲ್ಲ.

"ಮೇಜು ಖಾಲಿ ಅದರೀ ಸಾಹೇಬ್ರ, ನನಗೊಮ್ಮೆ ಹಾಕಿ ನೋಡ್ರಿ," ಎಂದವಳೇ ಹೋಗಿ ಎಡಮಗ್ಗುಲಿಗೆ ಮಲಗಿದಳು. ಟೆಕ್ನಿಷಿಯನ್ ಹನುಮಂತು ಗಂಟಲಿಗೆ ಮರಗಟ್ಟಿಸುವ ಔಷಧ ಹೊಡೆದ. ಅವಳ ತಲೆ ಹಿಡಿಯಲು ಯಾರೂ ಇರಲಿಲ್ಲ. ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದು ಡಾಕ್ಟರು ಇಳಿಸಿದ ಕೊಳವೆ ನುಂಗಿದಳು. ಪರದೆ ಕಣ್ಣೆದುರಿಗೇ ಇತ್ತು. ಅನ್ನನಾಳದ ನಡುವೆ ಒರಟು ಗಂಟು, ಮುಟ್ಟಿದರೆ ರಕ್ತ. ಕೊಳವೆ ಮುಂದೆ ಹೋಗಲೇ ಇಲ್ಲ.

"ಸಣ್ಣ ಹುಣ್ಣು ಇದ್ದಂಗ ಅದ. ಚೂರು ತೆಗೆದೀವಿ, ಟೆಸ್ಟಿಗೆ ಕಳಸ್ತೀವಿ," ಎಂದರು ಡಾಕ್ಟರು.

"ನಾನೂ ನೋಡೀನ್ರಿ," ಎಂದಳು ಮಾರೆಮ್ಮ, ಬಾಯಿ ಒರೆಸಿಕೊಳ್ಳುತ್ತ.

"ಮೊದಲ ಹೇಳಬೇಕಿತ್ತಲ್ಲ ನೀ?"

"ಎರಡು ಸಲ ಹೇಳೀನ್ರಿ. ನೀವು ಕೈ ತೊಳಕೊಳ್ಳಾಕತ್ತಿದ್ರಿ."

ವರದಿ ಕ್ಯಾನ್ಸರ್ ಎಂದೇ ಬಂತು. ಕೊಯ್ದು ತೆಗೆಯುವ ಹಂತ ದಾಟಿತ್ತು. ರಾಯಚೂರಿನಲ್ಲಿ ಬಾಯಿಯ ದಾರಿಯಿಂದಲೇ, ಅನ್ನನಾಳ ಮುಚ್ಚಿಕೊಳ್ಳದಂತೆ ಜಾಲರಿಯಂಥ ನಳಿಗೆಯೊಂದನ್ನು ಒಳಗೆ ಕೂರಿಸಿದರು. ಈಗ ಅಂಬಲಿಯಷ್ಟು ಇಳಿಯುತ್ತದೆ. ಮಗಳು ಅಮರೇಶ್ವರಿ ಗಂಡನ ಮನೆಯಿಂದ ಬಂದು ಚಮಚೆಯಲ್ಲಿ ಕುಡಿಸುತ್ತಾಳೆ.

ಒಂದು ಭಾನುವಾರ ಹನುಮಂತು ಮಸ್ಕಿಗೆ ಬಂದ. ಡಾಕ್ಟರು ಕಳಿಸಿದ್ದೆಂದು ಸೇಬಿನ ಚೀಲ ಇಟ್ಟು, "ಹೆಂಗದಾಳ ಅಂತ ಸಾಹೇಬ್ರು ಕೇಳ್ಯಾರ ಯಕ್ಕಾ," ಎಂದ.

ಮಾರೆಮ್ಮ ಚೀಲವನ್ನು ಅವನ ಕಡೆಗೇ ತಳ್ಳಿದಳು.

"ಇದು ನನಗ ಇಳಿಯಂಗಿಲ್ಲ ಅನ್ನೋದು ಅವರಿಗೆ ಗೊತ್ತಿರಬೇಕಲ್ಲೋ ತಮ್ಮಾ. ಒಯ್ಯಿ."