ಮದುವೆ ಸೀರೆಗೆ ಮೆತ್ತಿದ ಗ್ರೀಸ್

ಹಚ್ಚೊಳ್ಳಿಯಿಂದ ಬಳ್ಳಾರಿಗೆ ಸೊಸೆಯಾಗಿ ಬಂದ ಜಂಬಮ್ಮ, ನೀರಿಲ್ಲದೆ ಬಟ್ಟೆ ತೊಳೆಯುತ್ತಾರೆಂದು ಗಂಡ ಚಿದಾನಂದಪ್ಪ ಹೇಳಿದಾಗ ಚೇಷ್ಟೆಯೆಂದೇ ನಕ್ಕಿದ್ದಳು. ನಾಲ್ಕು ವರ್ಷ ಅವನ ಡ್ರೈಕ್ಲೀನಿಂಗ್ ಅಂಗಡಿಯ ಗಾಳಿಯಾಡದ ಹಿಂಭಾಗದಲ್ಲಿ, ಕಲೆ ತೆಗೆಯುವ ಪೆಟ್ರೋಲಿನ ವಾಸನೆಗೆ ತಲೆನೋವು ಬಂದರೂ ಕೂತು ಕೂತು, ಕಲೆಯನ್ನು ಮೂಸಿಯೇ ಇದು ಎಲೆಅಡಿಕೆ, ಇದು ಕುಸುಬಿ ಎಣ್ಣೆ ಎನ್ನುವಷ್ಟು ಪಳಗಿದಳು. ವಕೀಲರ ಕೋಟು, ಸಾಹುಕಾರರ ಶಾಲು ಎಲ್ಲವೂ ಅವಳ ಕೈಯಲ್ಲೇ ಶುಭ್ರವಾಗುತ್ತಿದ್ದವು. ಗಿರಾಕಿಗಳು ಹೊಗಳುತ್ತಿದ್ದದ್ದು ಮಾತ್ರ ಚಿದಾನಂದಪ್ಪನನ್ನು.

ಎಪ್ಪತ್ತೆಂಟರ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಸಿರುಗುಪ್ಪದ ದೊಡ್ಡಬಸಪ್ಪ ಬಗಲಲ್ಲಿ ಗಂಟು ಹಿಡಿದು ಬಂದ. ನಾಡಿದ್ದು ಮಗಳ ಮದುವೆ. ಟ್ರ್ಯಾಕ್ಟರಿನಲ್ಲಿ ಜವಳಿ ತರುವಾಗ ಮದುವೆ ಸೀರೆಯ ಸೆರಗಿಗೆ ಗ್ರೀಸ್ ಮೆತ್ತಿತ್ತು. ಅವತ್ತು ಚಿದಾನಂದಪ್ಪ ಜ್ವರ ಬಂದು ಮನೆಯಲ್ಲಿ ಮಲಗಿದ್ದ.

"ಗಂಡಸರು ಯಾರೂ ಇಲ್ಲೇನವ್ವಾ?"

"ನಾ ಅದೀನಲ್ರಿ. ಇದಕ್ಕ ನೀರು ಹಚ್ಚೀರೇನು?"

"ಇಲ್ಲ."

"ಚಲೋ ಆತು. ಹಚ್ಚಿದ್ರ ಕೆಂಪು ಬಣ್ಣ ಜರಿಗೆಲ್ಲ ಇಳೀತಿತ್ತು."

ಬೇರೆ ದಾರಿ ಕಾಣದೆ ಅವನು ಸೀರೆ ಕೊಟ್ಟ. ಜಂಬಮ್ಮ ದಪ್ಪ ಗ್ರೀಸನ್ನು ಚಮಚದಿಂದ ಎತ್ತಿದಳು. ಒಳಮಡಿಕೆಯ ಅಂಚಿಗೆ ಒಂದು ಹನಿ ಪೆಟ್ರೋಲ್ ಹಚ್ಚಿ, ಬಣ್ಣ ಬಿಡುವುದಿಲ್ಲವೆಂದು ಖಾತ್ರಿ ಮಾಡಿಕೊಂಡಳು. ಆಮೇಲೆ ಸೆರಗಿನಡಿ ಬಿಳಿ ಬಟ್ಟೆ ಹಾಸಿ ಅರಳೆಯಿಂದ ಮೆಲ್ಲಗೆ ಒತ್ತತೊಡಗಿದಳು. ತಳಮಳದಲ್ಲಿದ್ದ ದೊಡ್ಡಬಸಪ್ಪ ಬೀಡಿ ಬಾಯಿಗಿಟ್ಟು ಕಡ್ಡಿಪೆಟ್ಟಿಗೆ ತೆಗೆದ.

"ಹೊರಗ ನಡೀರಿ ಮೊದ್ಲು!" ಜಂಬಮ್ಮ ಗದರಿದಳು. "ಪೆಟ್ರೋಲ್ ಐತಿ ಇಲ್ಲಿ. ಸೀರಿ ಹಂಗಿರ್ಲಿ, ನಾವೇ ಉಳಿಯಂಗಿಲ್ಲ!"

ಊರಲ್ಲಿ ನಾಲ್ಕು ಮಂದಿಗೆ ಬುದ್ಧಿ ಹೇಳುವ ಮನುಷ್ಯ ಬೀಡಿಯನ್ನು ಜೇಬಿಗೆ ಸೇರಿಸಿ ಬೀದಿಗಿಳಿದು ಬೇವಿನ ನೆರಳಲ್ಲಿ ಕೂತ.

ಮಧ್ಯಾಹ್ನ ಅವಳು ಕರೆದಾಗ ಸೆರಗನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುವಿದ. "ಎಲ್ಲಿತ್ತವ್ವಾ ಅದು?"

ಜಂಬಮ್ಮನಿಗೆ ನಗು ತಡೆಯಲಾಗಲಿಲ್ಲ. "ಈಗ್ಲೇ ಒಯ್ಯಬ್ಯಾಡ್ರಿ. ವಾಸನಿ ಪೂರಾ ಹೋಗಬೇಕು. ಮಗಳು ದೀಪದ ಮುಂದ ಕುಂದ್ರಾಕಿ."

ಎರಡು ಬಸ್ಸು ಹೋದರೂ ಅವನು ಗೊಣಗಲಿಲ್ಲ. ಸಂಜೆಯ ಬಸ್ಸಿಗೆ ಸೀರೆಯನ್ನು ಮಗುವಿನಂತೆ ಎದೆಗವಚಿಕೊಂಡು ಹೊರಟ.

ಮದುವೆ ಮುಗಿದ ವಾರಕ್ಕೆ ಮತ್ತೆರಡು ಗಂಟು ಬಟ್ಟೆ ತಂದ. ಚೇತರಿಸಿಕೊಂಡಿದ್ದ ಚಿದಾನಂದಪ್ಪ ಕೈ ಚಾಚಿದರೆ, "ನಿನಗಲ್ಲಪ್ಪ, ಆ ತಾಯಿ ಕೈಯಾಗ ಕೊಡಾಕ ಬಂದೀನಿ" ಎಂದ. ಚಿದಾನಂದಪ್ಪ ಕ್ಷಣ ಪೆಚ್ಚಾಗಿ, ನಕ್ಕು, ಹೆಂಡತಿಯನ್ನು ಕೂಗಿದ. ಮರುದಿನ ತಾನೇ ಅವಳ ಮೇಜನ್ನು ಅಂಗಡಿಯ ಮುಂಭಾಗಕ್ಕೆ ಎಳೆದು ತಂದಿಟ್ಟ.

ಆಮೇಲೆ ಕುರುಗೋಡಿನಂಥ ಬೇರೆ ಊರುಗಳವರೂ ಕಲೆಯಾದ ಬಟ್ಟೆ ಹಿಡಿದು ನೇರ ಅವಳ ಮುಂದೆಯೇ ನಿಲ್ಲುತ್ತಿದ್ದರು. ಬಾಗಿಲ ಗಾಳಿಗೆ ಕೂತು ಕೆಲಸ ಮಾಡುವ ಜಂಬಮ್ಮನಿಗೆ ಪೆಟ್ರೋಲ್ ವಾಸನೆಯ ತಲೆನೋವೂ ಬಹಳ ಮಟ್ಟಿಗೆ ತಪ್ಪಿತು.